ಪರಂಗಿ ಗಿಡಕ್ಕೆ ಏನಾಗಿದೆ? ಔಷಧಿ ತರುವ ಮೊದಲು ಕಾಂಡ ನೋಡಿ

ಹಿತ್ತಲಲ್ಲಿ ಪರಂಗಿ ಗಿಡ ಇಟ್ಟವರೆಲ್ಲ ಒಂದಲ್ಲ ಒಂದು ದಿನ ಇದೇ ಪ್ರಶ್ನೆ ಕೇಳುತ್ತಾರೆ. ಎಲೆ ಹಳದಿ ಆಗಿದೆ, ಏನು ಹಾಕಲಿ? ಹೂ ಬರುತ್ತದೆ, ಕಾಯಿ ನಿಲ್ಲುವುದಿಲ್ಲ, ಏನು ಹೊಡೆಯಲಿ? ಚೆನ್ನಾಗಿದ್ದ ಗಿಡ ಒಂದೇ ವಾರದಲ್ಲಿ ಮಲಗಿತು, ಯಾಕೆ? ಕೇಳುವವರಿಗೆ ಬೇಕಾಗಿರುವುದು ಒಂದು ಬಾಟಲಿಯ ಹೆಸರು. ಆದರೆ ಪರಂಗಿಯಲ್ಲಿ ಹಳದಿ ಎಲೆ ಒಂದಕ್ಕೇ ಐದಾರು ಕಾರಣ ಇರಬಹುದು. ಅದರಲ್ಲಿ ಎರಡಕ್ಕೆ ಪರಿಹಾರ ಒಂದಕ್ಕೊಂದು ಉಲ್ಟಾ. ನೀರು ಸಾಲದೆ ಹಳದಿ ಆದ ಗಿಡಕ್ಕೆ ನೀರು ಕೊಡಬೇಕು. ನೀರು ಜಾಸ್ತಿಯಾಗಿ ಹಳದಿ ಆದ ಗಿಡಕ್ಕೆ ಕೊಟ್ಟರೆ ಅಲ್ಲಿಗೆ ಮುಗಿಯಿತು.

ನನ್ನ ಮೊದಲ ಗಿಡ ಹೋದದ್ದು ಹೀಗೇ. ಮೈಸೂರಿನ ನಮ್ಮ ಮನೆ ಹಿಂದೆ, ಕಾಂಪೌಂಡ್ ಗೋಡೆ ಪಕ್ಕ ಇತ್ತು. ಆಗಸ್ಟ್ ತಿಂಗಳು, ಎರಡು ವಾರದಿಂದ ಬಿಟ್ಟು ಬಿಟ್ಟು ಮಳೆ. ಕೆಳಗಿನ ಎಲೆಗಳು ಹಳದಿ ಆಗಿ ಜೋತು ಬಿದ್ದವು. ಗೊಬ್ಬರ ಸಾಲದು ಅಂದುಕೊಂಡು ಒಂದು ಹಿಡಿ ಯೂರಿಯಾ ಹಾಕಿ, ಕರಗಲಿ ಅಂತ ಎರಡು ಬಿಂದಿಗೆ ನೀರೂ ಸುರಿದೆ. ಐದನೇ ದಿನ ಬೆಳಗ್ಗೆ ನೋಡಿದರೆ ಗಿಡ ಗೋಡೆಗೆ ಒರಗಿತ್ತು. ಎತ್ತಿ ನಿಲ್ಲಿಸಲು ಹೋದೆ, ಬುಡ ಕೈಗೇ ಬಂತು. ಒಳಗೆಲ್ಲ ಕಂದು ನಾರು, ನೆನೆದ ಗೋಣಿಚೀಲದ ಹಾಗೆ. ಮೇಲೆ ಹದಿನೇಳು ಕಾಯಿ ಇದ್ದವು. ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಗಿಡಕ್ಕೆ ಏನೇ ಆದರೂ ಮೊದಲು ಹತ್ತು ನಿಮಿಷ ಬುಡದಿಂದ ತುದಿಯವರೆಗೆ ನೋಡುವುದು, ಅಂಗಡಿಗೆ ಹೋಗುವುದು ಆಮೇಲೆ.

ಪರಂಗಿ, ಪಪ್ಪಾಯ, ಪಪ್ಪಾಯಿ, ಕರಾವಳಿ ಕಡೆ ಬಪ್ಪಂಗಾಯಿ, ನಿಮ್ಮ ಬಾಯಿಗೆ ಯಾವುದು ಬರುತ್ತದೋ ಅದೇ ಇದು. ಮರದ ಹಾಗೆ ಕಂಡರೂ ಇದರ ಕಾಂಡದಲ್ಲಿ ಗಟ್ಟಿ ಕಟ್ಟಿಗೆ ಇಲ್ಲ, ಒಳಗೆ ಟೊಳ್ಳು. ಮಾವು ಹಲಸಿನ ಹಾಗೆ ವರ್ಷಗಟ್ಟಲೆ ಕಷ್ಟ ತಡೆದುಕೊಳ್ಳುವುದಿಲ್ಲ. ಬೇಗ ಬೆಳೆಯುತ್ತದೆ, ಬೇಗ ಬೀಳುತ್ತದೆ. ಹಾಗಾಗಿ ಇದರಲ್ಲಿ ದೋಷ ಕಂಡುಹಿಡಿಯುವುದಕ್ಕೆ ಸಿಗುವ ಸಮಯ ಕಡಿಮೆ.

ಕಾಂಡದಲ್ಲೇ ಲೆಕ್ಕ ಬರೆದಿರುತ್ತದೆ

ಪರಂಗಿಯಲ್ಲಿ ಒಂದು ದೊಡ್ಡ ಅನುಕೂಲ ಇದೆ. ಪ್ರತಿ ಎಲೆಯ ಕಂಕುಳಲ್ಲೂ ಹೂವಿಗೆ ಒಂದು ಜಾಗ ಇರುತ್ತದೆ. ಎಲೆ ಉದುರಿದ ಮೇಲೂ ಅದರ ಗುರುತು ಕಾಂಡದ ಮೇಲೆ ಉಳಿಯುತ್ತದೆ. ಬಿಸಿಲು, ನೀರು ಎರಡೂ ಸರಿಯಾಗಿದ್ದರೆ ವಾರಕ್ಕೆ ಸುಮಾರು ಎರಡು ಹೊಸ ಎಲೆ ಬರುತ್ತವೆ. ಅಂದರೆ ತುದಿಯಿಂದ ಕೆಳಗೆ ಎಲೆ ಮತ್ತು ಗುರುತು ಎಣಿಸಿಕೊಂಡು ಬಂದರೆ ಯಾವ ತಿಂಗಳಲ್ಲಿ ಗಿಡಕ್ಕೆ ಏನಾಗಿತ್ತು ಅಂತ ಹೆಚ್ಚುಕಡಿಮೆ ಹೇಳಬಹುದು.

ಹೋದ ವರ್ಷ ಆಗಸ್ಟ್ ಮಧ್ಯದಲ್ಲಿ ನಮ್ಮ ಗಿಡದಲ್ಲಿ ಕಾಯಿ ಸಾಲಿನ ನಡುವೆ ಒಂದು ಗೇಣು ಖಾಲಿ ಕಂಡಿತು. ಕೆಳಗೆ ಕಾಯಿ, ಮೇಲೆ ಕಾಯಿ, ಮಧ್ಯೆ ಬೋಳು. ಏನೋ ರೋಗ ಅಂದುಕೊಂಡೆವು. ತುದಿಯಿಂದ ಎಣಿಸಿದೆ. ಇಪ್ಪತ್ತಾರನೇ ಎಲೆಯಿಂದ ಮೂವತ್ತನಾಲ್ಕನೇ ಎಲೆವರೆಗೆ ಖಾಲಿ. ವಾರಕ್ಕೆ ಎರಡರ ಲೆಕ್ಕ ಹಿಡಿದರೆ ಹದಿಮೂರರಿಂದ ಹದಿನೇಳು ವಾರ ಹಿಂದೆ, ಅಂದರೆ ಏಪ್ರಿಲ್ ಮಧ್ಯದಿಂದ ಮೇ ಮಧ್ಯ. ಮಕ್ಕಳಿಗೆ ರಜೆ ಅಂತ ನಾವು ಊರಿಗೆ ಹೋಗಿದ್ದ ಸಮಯ ಅದು. ಗಿಡಕ್ಕೆ ನೀರು ಬಿಡುವವರು ಇರಲಿಲ್ಲ. ಹೂ ಅರಳುವುದು ಎಲೆ ಬಂದ ಕೆಲವು ವಾರದ ಮೇಲೆ, ಹಾಗಾಗಿ ಲೆಕ್ಕ ಸ್ವಲ್ಪ ಹಿಂದೆ ಮುಂದೆ ಆಗಬಹುದು. ಆದರೂ ಉತ್ತರ ಸಿಕ್ಕಿತು. ಆ ಗಿಡಕ್ಕೆ ರೋಗ ಇರಲಿಲ್ಲ. ಮೇಲಿನ ಕಾಯಿಗಳೇ ಅದಕ್ಕೆ ಸಾಕ್ಷಿ.

ಗುರುತುಗಳ ನಡುವಿನ ಅಂತರವನ್ನೂ ನೋಡಿ. ಒಂದಕ್ಕೊಂದು ಒತ್ತಾಗಿ ಇದ್ದರೆ ಆ ಕಾಲದಲ್ಲಿ ಗಿಡ ನಿಧಾನವಾಗಿ ಬೆಳೆದಿದೆ, ಚಳಿಯೋ ಬರವೋ ಬೇರಿನ ತೊಂದರೆಯೋ ಇರಬೇಕು. ದೂರ ದೂರ ಇದ್ದು ಕಾಂಡ ಸಣಕಲಾಗಿದ್ದರೆ ನೆರಳು. ಪಕ್ಕದ ಮನೆಯವರು ಒಂದು ಮಹಡಿ ಏರಿಸಿದ ವರ್ಷ ಎಷ್ಟೋ ಹಿತ್ತಲಿನ ಪರಂಗಿ ಹೀಗೆ ನೀಳವಾಗಿ ಹೋಗುತ್ತದೆ. ಪರಂಗಿಗೆ ದಿನವಿಡೀ ಬಿಸಿಲು ಬೇಕು. ಅದಕ್ಕೆ ಬದಲಿ ಯಾವ ಗೊಬ್ಬರವೂ ಇಲ್ಲ.

ಮೊದಲು ಬುಡ, ಯಾವಾಗಲೂ ಮೊದಲು ಬುಡ

ಗಿಡ ಬಾಡಿದೆ, ಹಳದಿ ಆಗಿದೆ, ಕಾಯಿ ಉದುರಿಸುತ್ತಿದೆ, ಏನೇ ಇರಲಿ, ಮೊದಲು ಕುಕ್ಕರುಗಾಲಲ್ಲಿ ಕೂತು ಬುಡ ನೋಡಿ. ಮಣ್ಣು, ತರಗು ಸರಿಸಿ. ನೆಲ ಮುಟ್ಟುವ ಜಾಗದಲ್ಲಿ ಕಾಂಡವನ್ನು ಹೆಬ್ಬೆರಳಿನಿಂದ ಒತ್ತಿ. ಗಟ್ಟಿಯಾಗಿರಬೇಕು. ಒತ್ತಿದರೆ ಒಳಗೆ ಹೋಗುತ್ತದೆ, ನೀರು ಜಿನುಗುತ್ತದೆ, ಹುಳಿ ವಾಸನೆ ಬರುತ್ತದೆ ಅಂದರೆ ಬುಡ ಕೊಳೆ. ಅನುಮಾನ ಇದ್ದರೆ ಉಗುರಿನಲ್ಲೋ ಚಾಕುವಿನ ತುದಿಯಲ್ಲೋ ತೊಗಟೆಯನ್ನು ಸ್ವಲ್ಪವೇ ಕೆರೆಯಿರಿ. ಕೆಳಗೆ ಹಸಿರು ಕಂಡು ಬಿಳಿ ಹಾಲು ಬಂದರೆ ಆ ಜಾಗ ಬದುಕಿದೆ. ಕಂದು ಬಣ್ಣ ಇದ್ದು ಹಾಲು ಬರದಿದ್ದರೆ ಇಲ್ಲ. ಸುತ್ತಲೂ ನಾಲ್ಕು ಕಡೆ ಕೆರೆದು ನೋಡಬೇಕು, ಒಂದೇ ಕಡೆ ನೋಡಿ ತೀರ್ಮಾನ ಮಾಡಬೇಡಿ. (ಹಾಲು ಕೈಗೆ, ಕಣ್ಣಿಗೆ ತಾಗದಂತೆ ನೋಡಿಕೊಳ್ಳಿ. ಕೆಲವರಿಗೆ ಚರ್ಮ ಉರಿಯುತ್ತದೆ, ಗುಳ್ಳೆ ಏಳುತ್ತದೆ.)

ಈ ಕೊಳೆಗೆ ಸಾಮಾನ್ಯ ಕಾರಣ ಮಣ್ಣಿನಲ್ಲಿರುವ ಪಿಥಿಯಂ ಅನ್ನುವ, ಶಿಲೀಂಧ್ರದಂಥ ಜೀವಿ. ಅದು ಯಾವಾಗಲೂ ಮಣ್ಣಲ್ಲಿ ಇರುತ್ತದೆ, ನೀರು ನಿಂತಾಗ ಏಳುತ್ತದೆ. ಪರಂಗಿ ಬೇರಿಗೆ ಎರಡು ದಿನ ನೀರು ನಿಂತರೂ ಸಾಕು, ಉಸಿರು ಕಟ್ಟಿ ಸಾಯಲು ಶುರುವಾಗುತ್ತದೆ. ಹಾಗಾಗಿ ನಿಜವಾದ ದೋಷ ಪಿಥಿಯಂನದಲ್ಲ, ನೀವು ಬುಡದ ಸುತ್ತ ಮಾಡಿದ ಪಾತಿಯದ್ದು. ತೆಂಗಿಗೆ ಮಾಡುವ ಹಾಗೆ ತಗ್ಗು ಪಾತಿ ಪರಂಗಿಗೆ ಬೇಡ. ಬುಡ ಒಂದು ಅಡಿ ದಿಬ್ಬದ ಮೇಲೆ ಇರಬೇಕು, ನೀರು ಬಿಡುವ ಜಾಗ ಕಾಂಡದಿಂದ ಒಂದೂವರೆ ಅಡಿ ಆಚೆ ಉಂಗುರದಂತೆ ಇರಬೇಕು.

ಕೊಳೆ ಸುತ್ತಳತೆಯ ಅರ್ಧಕ್ಕಿಂತ ಕಡಿಮೆ ಇದ್ದರೆ ಗಿಡ ಉಳಿಸಬಹುದು. ಬುಡದ ಮಣ್ಣು ತೆಗೆದು ಗಾಳಿ ಆಡಲು ಬಿಡಿ. ಕೊಳೆತ ಭಾಗವನ್ನು ಚೊಕ್ಕವಾಗಿ ಕೆರೆದು ತೆಗೆಯಿರಿ. ಶೇಕಡಾ 1ರ ಬೋರ್ಡೋ ದ್ರಾವಣ ಮಾಡಿ ಗಾಯಕ್ಕೆ ಬಳಿದು, ಬುಡದ ಸುತ್ತ ಮಣ್ಣು ನೆನೆಯುವಷ್ಟು ಸುರಿಯಿರಿ. ಮನೆಗೆ ಒಂದು ಲೀಟರ್ ಸಾಕು. 10 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಲ್ಲಿ, 10 ಗ್ರಾಂ ಸುಟ್ಟ ಸುಣ್ಣವನ್ನು ಇನ್ನರ್ಧ ಲೀಟರಲ್ಲಿ ಬೇರೆ ಬೇರೆ ಕರಗಿಸಿ, ಪ್ಲಾಸ್ಟಿಕ್ ಬಕೆಟ್‌ನಲ್ಲಿ ಸೇರಿಸಿ. ಕಬ್ಬಿಣದ ಪಾತ್ರೆ ಬೇಡ. ಉಜ್ಜಿದ ಚಾಕುವಿನ ಅಲಗನ್ನು ಒಂದು ನಿಮಿಷ ಅದ್ದಿ ತೆಗೆದಾಗ ಕೆಂಪು ತಾಮ್ರ ಹತ್ತಿದ್ದರೆ ಸುಣ್ಣ ಸಾಲದು, ಇನ್ನಷ್ಟು ಸೇರಿಸಬೇಕು. ಮಾಡಿದ ದಿನವೇ ಬಳಸಿ. ಅಡಿಕೆ ಬೆಳೆಯುವ ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ಅವರ ಮನೆಯಲ್ಲೇ ಇರುತ್ತದೆ.

ಅರ್ಧಕ್ಕಿಂತ ಜಾಸ್ತಿ ಕೊಳೆತಿದ್ದರೆ ಗಿಡ ತೆಗೆದುಬಿಡಿ. ಬಲಿತ ಕಾಯಿಗಳನ್ನು ಪಲ್ಯ, ಸಾಂಬಾರಿಗೆ ಬಳಸಿಕೊಳ್ಳಿ. ಅದೇ ಗುಂಡಿಯಲ್ಲಿ ಕೂಡಲೇ ಇನ್ನೊಂದು ಸಸಿ ಇಡಬೇಡಿ.

ಬುಡ ಗಟ್ಟಿಯಾಗಿದೆ, ಆದರೂ ಗಿಡ ಮಧ್ಯಾಹ್ನ ಬಾಡಿ ಸಂಜೆಗೆ ಚೇತರಿಸಿಕೊಳ್ಳುತ್ತದೆ, ವಯಸ್ಸಿಗೆ ತಕ್ಕ ಬೆಳವಣಿಗೆ ಇಲ್ಲ ಅಂದರೆ ಒಂದು ಬದಿಯ ಮಣ್ಣು ಕೆದಕಿ ಸಣ್ಣ ಬೇರು ನೋಡಿ. ಮಣಿ ಪೋಣಿಸಿದ ಹಾಗೆ ಗಂಟು ಗಂಟು ಇದ್ದರೆ ಬೇರುಗಂಟು ಜಂತುಹುಳು. ಬದನೆ, ಟೊಮೆಟೊ, ಬೆಂಡೆ ಬೆಳೆದಿದ್ದ ಜಾಗದಲ್ಲಿ ಇದು ಸಾಮಾನ್ಯ. ಬೇವಿನ ಹಿಂಡಿ ಹಾಕಿ, ಸುತ್ತಲೂ ಚೆಂಡು ಹೂವಿನ ಗಿಡ ಹಚ್ಚಿ. ಪೂರ್ತಿ ಹೋಗುವುದಿಲ್ಲ, ಆದರೆ ಗಿಡ ಸುಧಾರಿಸಿಕೊಂಡು ಹಣ್ಣು ಕೊಡುವಷ್ಟು ಆಗುತ್ತದೆ.

ಹಳದಿ ಯಾವ ಎಲೆಯಲ್ಲಿ?

ಕೆಳಗಿನ ಒಂದೆರಡು ಎಲೆ ಹಳದಿ ಆಗಿ ಉದುರುವುದು ಗಿಡದ ಸಹಜ ಕ್ರಮ, ಅದಕ್ಕೆ ಏನೂ ಮಾಡಬೇಡಿ. ಕೆಳಗಿನ ಐದಾರು ಎಲೆ ಒಟ್ಟಿಗೆ ಹಳದಿ ಆಗಿ, ಮಣ್ಣು ಒದ್ದೆ ಇದ್ದರೆ ಮೇಲೆ ಹೇಳಿದ ಬುಡದ ಪರೀಕ್ಷೆ. ಮಣ್ಣು ಒಣಗಿದ್ದರೆ ನೀರು. ಮಣ್ಣಿನ ತೇವ ಸರಿಯಿದೆ, ಬುಡವೂ ಸರಿಯಿದೆ, ಗಿಡ ಪೂರ್ತಿ ತಿಳಿ ಹಸಿರಾಗಿದೆ ಅಂದರೆ ಆಗ ಹೊಟ್ಟೆಗೆ ಸಾಲದು. ಪರಂಗಿ ಭಾರೀ ಹಸಿವಿನ ಗಿಡ. ವರ್ಷಕ್ಕೊಮ್ಮೆ ಬುಟ್ಟಿ ಗೊಬ್ಬರ ಹಾಕಿ ಸುಮ್ನೆ ಕೂತರೆ ಆಗುವುದಿಲ್ಲ. ನೆಡುವಾಗ ಗುಂಡಿಗೆ 10 ಕೆಜಿ ಕೊಟ್ಟಿಗೆ ಗೊಬ್ಬರ, ಆಮೇಲೆ ಎರಡು ತಿಂಗಳಿಗೊಮ್ಮೆ ಸ್ವಲ್ಪ ಸ್ವಲ್ಪ ಕೊಡುತ್ತಿರಬೇಕು.

ತುದಿಯ ಹೊಸ ಎಲೆ ಹಳದಿ, ನರ ಮಾತ್ರ ಹಸಿರು ಅಂದರೆ ಕಬ್ಬಿಣದ ಕೊರತೆ. ಬೋರ್‌ವೆಲ್ ನೀರಿನ ಬಕೆಟ್‌ನಲ್ಲಿ ಬಿಳಿ ಪೊರೆ ಕಟ್ಟುವ ಮನೆಗಳಲ್ಲಿ ಇದು ಜಾಸ್ತಿ. ಮಣ್ಣಲ್ಲಿ ಕಬ್ಬಿಣ ಇದ್ದರೂ ಸುಣ್ಣದ ಅಂಶದಿಂದ ಗಿಡಕ್ಕೆ ಸಿಗುವುದಿಲ್ಲ. ಕಾಂಪೋಸ್ಟ್, ತರಗೆಲೆ ಹೊದಿಕೆ, ಸಿಕ್ಕಾಗ ಮಳೆ ನೀರು. ಇಷ್ಟರಿಂದಲೇ ಬರುವ ಹೊಸ ಎಲೆಗಳು ಹಸಿರಾಗುತ್ತವೆ.

ಹೊಸ ಎಲೆ ಮುದುಡಿದರೆ: ಇಲ್ಲಿ ತಪ್ಪು ಮಾಡುವವರೇ ಜಾಸ್ತಿ

ತುದಿಯ ಎಲೆ ಸಣ್ಣದಾಗಿ, ಸೊಟ್ಟಗೆ, ಬೆರಳಿನ ಹಾಗೆ ಸೀಳಾಗಿ ಬಂದಾಗ ಎಲ್ಲರೂ ವೈರಸ್ ಅಂತಾರೆ. ಕೆಲವು ಸಲ ಹೌದು, ಕೆಲವು ಸಲ ಅಲ್ಲ. ವೈರಸ್ ಆಗಿದ್ದರೆ ಗಿಡ ಕಿತ್ತು ಹಾಕಬೇಕು, ಅಲ್ಲದಿದ್ದರೆ ಮೂರು ವಾರದಲ್ಲಿ ಸರಿಹೋಗುತ್ತದೆ. ಹಾಗಾಗಿ ಇಲ್ಲಿ ಅವಸರ ಬೇಡ.

ಒಂದು ಎಲೆಯನ್ನು ತೊಟ್ಟು ಸಮೇತ ಕಿತ್ತು ಬಿಸಿಲಿಗೆ ಹಿಡಿಯಿರಿ. ಉಂಗುರ ಚುಕ್ಕೆ ನಂಜು (ಅಂದರೆ ವೈರಸ್) ರೋಗ ಆಗಿದ್ದರೆ ಎಲೆಯಲ್ಲಿ ತಿಳಿ ಹಳದಿ, ಕಡು ಹಸಿರು ಬೆರೆತ ತೇಪೆ ಕಾಣುತ್ತದೆ, ಕಡು ಹಸಿರಿನ ಭಾಗ ಗುಳ್ಳೆಯಂತೆ ಉಬ್ಬಿರುತ್ತದೆ. ಈಗ ತೊಟ್ಟು ನೋಡಿ. ಅದರ ಮೇಲೆ, ಕಾಂಡದ ಮೇಲಿನ ಎಳೆ ಭಾಗದಲ್ಲೂ, ಎಣ್ಣೆ ಸವರಿದ ಹಾಗೆ ಕಡು ಹಸಿರು ಗೀರುಗಳು ಇರುತ್ತವೆ. ಕಾಯಿ ಇದ್ದರೆ ಅದರ ಸಿಪ್ಪೆಯ ಮೇಲೆ ಉಂಗುರ ಉಂಗುರ ಗುರುತು. ಈ ಎಣ್ಣೆ ಗೀರು ನನ್ನ ಮಟ್ಟಿಗೆ ಎಲ್ಲಕ್ಕಿಂತ ನಂಬಬಹುದಾದ ಗುರುತು. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಇದಕ್ಕೆ ಔಷಧಿ ಇಲ್ಲ. ಯಾರಾದರೂ ಇದೆ ಅಂತ ಮಾರಿದರೆ ತೆಗೆದುಕೊಳ್ಳಬೇಡಿ. ಹರಡುವುದು ಸಸ್ಯಹೇನುಗಳಿಂದ, ಆದರೆ ಆ ಹೇನುಗಳು ಪರಂಗಿಯಲ್ಲಿ ಮನೆ ಮಾಡುವುದೂ ಇಲ್ಲ. ಹಾರಿ ಬಂದು ಒಂದು ಸಲ ಚುಚ್ಚಿ ರುಚಿ ನೋಡಿ ಹೋಗುತ್ತವೆ. ಅಷ್ಟರಲ್ಲಿ, ನಿಮಿಷದೊಳಗೆ, ನಂಜು ಒಳಗೆ ಸೇರಿರುತ್ತದೆ. ಕೀಟನಾಶಕ ಹೊಡೆದರೆ ಹೇನು ಸಾಯುವ ಮೊದಲೇ ಕೆಲಸ ಮುಗಿದಿರುತ್ತದೆ. ಹವಾಯಿ ದ್ವೀಪದ ಪಪ್ಪಾಯ ತೋಟಗಳನ್ನು 1990ರ ದಶಕದಲ್ಲಿ ಇದೇ ರೋಗ ಮುಳುಗಿಸುವ ಹಂತಕ್ಕೆ ತಂದಿತ್ತು. ಅಲ್ಲಿನವರು ಕೊನೆಗೆ ವಂಶವಾಹಿ ಬದಲಿಸಿದ ತಳಿಯನ್ನೇ 1998ರಲ್ಲಿ ಹೊಲಕ್ಕೆ ಇಳಿಸಬೇಕಾಯಿತು.

ಗಿಡ ಚಿಕ್ಕದಿದ್ದರೆ ಯೋಚಿಸದೆ ಕಿತ್ತು ಹಾಕಿ. ಕಾಯಿ ತುಂಬಿದ ಗಿಡಕ್ಕೆ ಕೊನೆಯಲ್ಲಿ ಬಂದಿದ್ದರೆ, ಸುತ್ತಮುತ್ತ ಬೇರೆ ಯಾರ ಮನೆಯಲ್ಲೂ ಪರಂಗಿ ಇಲ್ಲದಿದ್ದರೆ, ಆ ಕಾಯಿ ಮುಗಿಯುವವರೆಗೆ ಬಿಡಬಹುದು. ಹಣ್ಣು ತಿನ್ನಲು ಅಡ್ಡಿಯಿಲ್ಲ, ಸಿಹಿ ಕಡಿಮೆ ಇರುತ್ತದೆ ಅಷ್ಟೇ. ಪಕ್ಕದ ಮನೆಯಲ್ಲಿ ಗಿಡ ಇದ್ದರೆ ದಯವಿಟ್ಟು ತೆಗೆದುಬಿಡಿ. ನಿಮ್ಮ ಆಸೆಗೆ ಅವರ ಗಿಡ ಹೋಗಬಾರದು. ಮುಂದಿನ ಸಲ ಪರಂಗಿ ಪಕ್ಕದಲ್ಲಿ ಕುಂಬಳ, ಸೋರೆ, ಹೀರೆ, ಸೌತೆ ಬಳ್ಳಿ ಹಬ್ಬಿಸಬೇಡಿ. ಈ ನಂಜಿಗೆ ಅವೂ ನೆಂಟರೇ.

ಎಣ್ಣೆ ಗೀರು ಇಲ್ಲ, ತೇಪೆ ಇಲ್ಲ, ಎಲೆ ಮಾತ್ರ ಕಿರಿದಾಗಿ ಗಡುಸಾಗಿ ಕೆಳಕ್ಕೆ ಬಾಗಿದೆ ಅಂದರೆ ನುಸಿ ಇರಬಹುದು. ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ, ಭೂತಗನ್ನಡಿ ಬೇಕು. ಬೇಸಿಗೆಯಲ್ಲಿ ಹಳೆ ಎಲೆಯ ತಳದಲ್ಲಿ ತೆಳ್ಳಗೆ ಜೇಡನ ಬಲೆ, ಮೇಲೆ ಹಿಟ್ಟು ಉದುರಿಸಿದಂತೆ ಮಾಸಲು ಬಣ್ಣ ಇದ್ದರೆ ಅದು ಕೆಂಪು ನುಸಿ. ಮೊದಲು ಎಲೆಯ ತಳಕ್ಕೆ ಪೈಪಿನಿಂದ ರಭಸವಾಗಿ ನೀರು ಹೊಡೆಯಿರಿ, ಮೂರು ನಾಲ್ಕು ದಿನ ಬಿಡದೆ. ಸಾಲದಿದ್ದರೆ ನೀರಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ, ಸಂಜೆ ಹೊತ್ತು. ಉರಿ ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಬೇವಿನ ಎಣ್ಣೆ ಹೊಡೆದಿದ್ದರೆ ಎರಡು ವಾರ ಬಿಟ್ಟೇ ಗಂಧಕ. ಮುದುಡಿದ ಎಲೆ ಬಿಚ್ಚಿಕೊಳ್ಳುವುದಿಲ್ಲ, ಆಮೇಲೆ ಬರುವ ಎಲೆ ನೋಡಿ. ಎರಡು ಮೂರು ವಾರದಲ್ಲಿ ಅಗಲವಾದ ಎಲೆ ಬಂದರೆ ಅದು ನುಸಿಯೇ ಆಗಿತ್ತು.

ಎಲೆ ಬಟ್ಟಲಿನಂತೆ ಒಳಕ್ಕೆ ಸುರುಳಿಯಾಗಿ, ನರ ದಪ್ಪವಾಗಿದ್ದರೆ ಎಲೆ ಮುಟುರು ರೋಗ, ಬಿಳಿ ನೊಣದಿಂದ ಬರುವ ಇನ್ನೊಂದು ನಂಜು. ಇದಕ್ಕೂ ಕೀಳುವುದೇ ದಾರಿ. ಇನ್ನೊಂದು ಸಾಧ್ಯತೆ ಯಾರಿಗೂ ಹೊಳೆಯುವುದಿಲ್ಲ, ಕಳೆನಾಶಕ. ಪಕ್ಕದ ಖಾಲಿ ಸೈಟಿಗೆ ಯಾರಾದರೂ ಹುಲ್ಲಿನ ಔಷಧಿ ಹೊಡೆದಿದ್ದರೆ ಗಾಳಿಯಲ್ಲಿ ಬಂದ ಹನಿಯಿಂದಲೂ ಪರಂಗಿ ಎಲೆ ದಾರದಂತೆ ಆಗುತ್ತದೆ. ಆ ಬದಿಯ ಬೇರೆ ಗಿಡಗಳ ಎಲೆಯೂ ಸೊಟ್ಟಗಾಗಿದೆಯಾ ನೋಡಿ. ಆಗಿದ್ದರೆ ಕಾಯಿರಿ, ಗಿಡ ಸುಧಾರಿಸಿಕೊಳ್ಳಬಹುದು.

ಬಿಳಿ ಹತ್ತಿಯ ಹಾಗೆ ಕಾಯಿಗೆ ಮೆತ್ತಿಕೊಂಡಿದ್ದರೆ

ಇದು ಹಿಟ್ಟು ತಿಗಣೆ. ಕಣ್ಣಿಗೆ ಭಯಂಕರ, ಆದರೆ ಇದೊಂದಕ್ಕೆ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಕಾರಣ ಇದೆ. ಪಪ್ಪಾಯ ಹಿಟ್ಟು ತಿಗಣೆ ಮೆಕ್ಸಿಕೋ ಕಡೆಯದು. ನಮ್ಮ ದೇಶದಲ್ಲಿ 2008ರಲ್ಲಿ ಕೊಯಮತ್ತೂರಿನಲ್ಲಿ ಮೊದಲು ಕಾಣಿಸಿಕೊಂಡು ಹಿಪ್ಪುನೇರಳೆ, ಮರಗೆಣಸು ಎಲ್ಲವನ್ನೂ ತಿಂದು ಕರ್ನಾಟಕಕ್ಕೂ ಬಂತು. ಯಾವ ವಿಷಕ್ಕೂ ಜಗ್ಗಲಿಲ್ಲ. 2010ರಲ್ಲಿ ಅದರ ಹುಟ್ಟು ಶತ್ರುವಾದ ಪುಟ್ಟ ಕಣಜಗಳನ್ನು ಪೋರ್ಟೊರಿಕೊದಿಂದ ತರಿಸಿ, ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ (ಆಗ ಅದರ ಹೆಸರು ಬೇರೆ ಇತ್ತು) ಬೆಳೆಸಿ ಬಿಟ್ಟರು. ಅದರಲ್ಲಿ ಅಸೆರೊಫಾಗಸ್ ಪಪಾಯೆ ಅನ್ನುವ ಕಣಜ ಎಲ್ಲ ಕಡೆ ನೆಲೆಯೂರಿ ತಿಗಣೆಯನ್ನು ಹತೋಟಿಗೆ ತಂದಿತು. ಅವು ಈಗಲೂ ನಮ್ಮ ಹಿತ್ತಲುಗಳಲ್ಲಿ ಓಡಾಡಿಕೊಂಡಿವೆ.

ನೀವು ಗಟ್ಟಿ ಕೀಟನಾಶಕ ಹೊಡೆದರೆ ಮೊದಲು ಸಾಯುವುದು ಆ ಕಣಜ. ಮೇಣದ ಹೊದಿಕೆ ಇರುವ ತಿಗಣೆ ಉಳಿಯುತ್ತದೆ. ಹಾಗಾಗಿ ನೀರಿನ ರಭಸದಿಂದ ತೊಳೆಯಿರಿ, ತುಂಬಾ ಮೆತ್ತಿದ ಎಲೆ ಕಿತ್ತು ಸುಡಿ. ಬೇಕಿದ್ದರೆ ಲೀಟರಿಗೆ 5 ಮಿಲಿ ಬೇವಿನ ಎಣ್ಣೆ, ನಾಲ್ಕು ಹನಿ ಸೋಪು, ಮೊದಲು ಒಂದೇ ಎಲೆಗೆ ಹೊಡೆದು ಎರಡು ದಿನ ನೋಡಿ. ಕಾಂಡದ ಮೇಲೆ ಇರುವೆ ಸಾಲು ಇದ್ದರೆ ಅದನ್ನು ತಡೆಯುವುದು ಇದೆಲ್ಲಕ್ಕಿಂತ ಮುಖ್ಯ. ತಿಗಣೆ ಬಿಡುವ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತದೆ, ಕಣಜವನ್ನು ಹತ್ತಿರ ಬಿಡುವುದಿಲ್ಲ.

ಹೂ ಇದೆ, ಕಾಯಿ ಇಲ್ಲ

ಹೂ ಯಾವುದು ಅಂತ ನೋಡದೆ ಇದಕ್ಕೆ ಉತ್ತರ ಹೇಳಲಾಗುವುದಿಲ್ಲ. ಪರಂಗಿಯಲ್ಲಿ ಮೂರು ಬಗೆ ಗಿಡ. ಗಂಡು, ಹೆಣ್ಣು, ಎರಡೂ ಸೇರಿದ್ದು.

ಉದ್ದ ದಾರದಂಥ ತೊಟ್ಟು ಜೋತು ಬಿದ್ದು, ಅದರಲ್ಲಿ ಸಣ್ಣ ಸಣ್ಣ ಹೂ ಗೊಂಚಲು ಗೊಂಚಲಾಗಿ ಇದ್ದರೆ ಗಂಡು. ಕಾಯಿ ಬಿಡುವುದಿಲ್ಲ. ಅಪರೂಪಕ್ಕೆ ಆ ತೊಟ್ಟಿನ ತುದಿಯಲ್ಲಿ ಒಂದೋ ಎರಡೋ ಕಾಯಿ ನೇತಾಡುತ್ತದೆ, ಅದನ್ನು ನಂಬಿಕೊಂಡು ಗಿಡ ಸಾಕಬೇಡಿ. ಕಾಂಡಕ್ಕೆ ಮೊಳೆ ಹೊಡೆದರೆ ಗಂಡು ಹೆಣ್ಣಾಗುತ್ತದೆ ಅಂತ ನಮ್ಮ ಅಜ್ಜಿಯೂ ಹೇಳುತ್ತಿದ್ದರು. ಗಂಡೋ ಹೆಣ್ಣೋ ಅನ್ನುವುದು ಬೀಜದಲ್ಲೇ ತೀರ್ಮಾನ ಆಗಿರುತ್ತದೆ. ಮೊಳೆಯ ತೂತಿನಿಂದ ಕೊಳೆ ಒಳಗೆ ಹೋಗುತ್ತದೆ, ಬೇರೆ ಏನೂ ಆಗುವುದಿಲ್ಲ.

ಕಾಂಡಕ್ಕೆ ಒತ್ತಿಕೊಂಡು, ಗಿಡ್ಡ ತೊಟ್ಟಿನಲ್ಲಿ ದಪ್ಪ ಹೂ, ಬುಡ ಉರುಟಾಗಿ ಉಬ್ಬಿದ್ದರೆ ಹೆಣ್ಣು. ಒಂದು ಹೂ ಬಿಡಿಸಿ ನೋಡಿ. ಒಳಗೆ ಹಳದಿ ಕೇಸರ ಇರುವುದಿಲ್ಲ, ಬರೀ ಪುಟ್ಟ ಕಾಯಿ ಮತ್ತು ಅದರ ತಲೆ ಮೇಲೆ ಐದು ಕವಲಿನ ಕಿರೀಟ. ಇಂಥ ಗಿಡ ಹೂ ಉದುರಿಸುತ್ತಿದ್ದರೆ ಹತ್ತಿರದಲ್ಲಿ ಗಂಡು ಹೂ ಇಲ್ಲ ಅಂತ ಅರ್ಥ. ಹತ್ತು ಹೆಣ್ಣಿಗೆ ಒಂದು ಗಂಡು ಸಾಕು. ನಮ್ಮ ಬೀದಿಯಲ್ಲಿ ಎಲ್ಲರೂ ಗಂಡು ಗಿಡ ಕಡಿದು ಹಾಕಿದ ವರ್ಷ ನಮ್ಮ ಹೆಣ್ಣು ಗಿಡ ಬಂಜೆಯಾಗಿ ನಿಂತಿತ್ತು. ಎರಡು ಬೀದಿ ಆಚೆಯಿಂದ ಅವತ್ತು ಅರಳಿದ ಗಂಡು ಹೂ ತಂದು, ದಳ ಸುಲಿದು, ಹೆಣ್ಣು ಹೂವಿನ ಕಿರೀಟಕ್ಕೆ ಮೆಲ್ಲಗೆ ಸವರಿದೆ. ಎಂಟು ಹೂವಿಗೆ ಮಾಡಿದ್ದರಲ್ಲಿ ಆರು ಕಾಯಿ ಕಚ್ಚಿತು.

ಹೂ ನೀಳವಾಗಿದ್ದು ಒಳಗೆ ಕಾಯಿಯೂ ಕೇಸರವೂ ಎರಡೂ ಇದ್ದರೆ ಅದು ದ್ವಿಲಿಂಗಿ. ಮನೆಗೆ ಇದೇ ಒಳ್ಳೆಯದು, ಒಂಟಿ ಗಿಡವೇ ಕಾಯಿ ಬಿಡುತ್ತದೆ. ನೀಳವಾದ ಹಣ್ಣು ಬರುವುದು ಇದರಲ್ಲಿ, ಉರುಟು ಹಣ್ಣು ಹೆಣ್ಣಿನಲ್ಲಿ. ಆದರೆ ಇದು ಬಿಸಿಲಿಗೆ ಸೂಕ್ಷ್ಮ. ಏಪ್ರಿಲ್ ಮೇ ಸೆಖೆಯಲ್ಲಿ ನೀರೂ ಕಡಿಮೆಯಾದರೆ ಹೂವಿನೊಳಗಿನ ಕಾಯಿ ಬೆಳೆಯದೆ ಗಂಡು ಹೂವಿನಂತಾಗಿ ಉದುರುತ್ತದೆ. ಮಳೆ ಬಿದ್ದ ಮೇಲೆ ತಾನಾಗಿಯೇ ಸರಿಹೋಗುತ್ತದೆ. ಕಾಂಡದ ಮೇಲಿನ ಆ ಖಾಲಿ ಗೇಣು ನೆನಪಿದೆಯಲ್ವಾ, ಅದು ಇದೇ. ಈ ಕಾಲದಲ್ಲಿ ಹಾರ್ಮೋನ್ ಬಾಟಲಿ ತರುವ ಬದಲು ಬುಡಕ್ಕೆ ನಾಲ್ಕು ಬೆರಳು ದಪ್ಪ ಒಣ ಹುಲ್ಲು ಹೊದಿಸಿ. ಹೊದಿಕೆ ಕಾಂಡಕ್ಕೆ ತಾಗದಿರಲಿ.

ಈ ತಾಪತ್ರಯವೇ ಬೇಡ ಅನ್ನುವವರು ಸಸಿ ತರುವಾಗಲೇ ಗಂಡು ಬರದ ತಳಿ ಕೇಳಿ. ಕೊಡಗಿನ ಚೆಟ್ಟಳ್ಳಿಯಲ್ಲಿ ಆರಿಸಿದ ಕೂರ್ಗ್ ಹನಿ ಡ್ಯೂ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಸೂರ್ಯ, ಅರ್ಕಾ ಪ್ರಭಾತ್, ತೈವಾನಿನ ರೆಡ್ ಲೇಡಿ, ಇವೆಲ್ಲ ಹೆಣ್ಣು ಮತ್ತು ದ್ವಿಲಿಂಗಿ ಮಾತ್ರ ಕೊಡುವ ತಳಿಗಳು. ಒಂದು ನರ್ಸರಿಯಲ್ಲಿ ರೆಡ್ ಲೇಡಿ ಅಂತ ಹೇಳಿ ಕೊಟ್ಟ ಎರಡು ಸಸಿಯಲ್ಲಿ ಒಂದು ನನಗೆ ಗಂಡಾಯಿತು. ಅಂದರೆ ಅದು ಹೇಳಿದ ತಳಿ ಅಲ್ಲ, ಯಾವುದೋ ಹಣ್ಣಿನ ಬೀಜ. ಗುರುತು ಗೊತ್ತಿಲ್ಲದ ಬೀಜ ಹಾಕುವುದಾದರೆ ಒಂದೇ ಗುಂಡಿಗೆ ಮೂರು ಸಸಿ ಇಡಿ, ನಾಲ್ಕೈದು ತಿಂಗಳಿಗೆ ಹೂ ಬಂದಾಗ ನೋಡಿ ಒಂದು ಉಳಿಸಿ.

ಕಾಯಿ ಸರಿಯಿಲ್ಲ

ಹೂವಿನಿಂದ ಹಣ್ಣಿಗೆ ಐದಾರು ತಿಂಗಳು. ಹಾಗಾಗಿ ಇವತ್ತು ಕೈಯಲ್ಲಿರುವ ಸೊಟ್ಟ ಕಾಯಿಯ ತಪ್ಪು ಇವತ್ತಿನದಲ್ಲ. ಮಡಿಕೆ ಮಡಿಕೆಯಾಗಿ, ಒಂದು ಬದಿ ಎಳೆದು ಹೊಲಿದ ಹಾಗೆ ಇರುವ ಕಾಯಿ ದ್ವಿಲಿಂಗಿ ಗಿಡದಲ್ಲಿ ಚಳಿಗಾಲದ ಹೂವಿನಿಂದ ಬರುತ್ತದೆ. ಕೇಸರ ಕಾಯಿಗೆ ಅಂಟಿಕೊಂಡು ಬೆಳೆದಿರುತ್ತದೆ. ರೋಗ ಅಲ್ಲ. ಚಿಕ್ಕದಿರುವಾಗಲೇ ಕಿತ್ತು ಬಿಡಿ, ಪಕ್ಕದ ಕಾಯಿಗೆ ಜಾಗ ಆಗುತ್ತದೆ.

ಕಾಯಿ ಪೂರ್ತಿ ಗುಡ್ಡೆ ಗುಡ್ಡೆಯಾಗಿ, ಗಾಯ ಇಲ್ಲದಿದ್ದರೂ ಸಿಪ್ಪೆಯಿಂದ ಹಾಲು ಒಸರಿ ಹೆಪ್ಪುಗಟ್ಟಿದ್ದರೆ ಬೋರಾನ್ ಕೊರತೆ. ಬೊರಾಕ್ಸ್ ಲೀಟರಿಗೆ 1 ಗ್ರಾಂ, ನೆಟ್ಟ ನಾಲ್ಕನೇ ಮತ್ತು ಎಂಟನೇ ತಿಂಗಳಲ್ಲಿ ಎಲೆಗೆ ಸಿಂಪಡಿಸಿ. ಅಳೆದೇ ಹಾಕಬೇಕು. ಬೋರಾನ್ ಸ್ವಲ್ಪ ಜಾಸ್ತಿ ಆದರೂ ವಿಷ. ಈಗಾಗಲೇ ಗುಡ್ಡೆಯಾದ ಕಾಯಿ ನಯವಾಗುವುದಿಲ್ಲ.

ಹಣ್ಣು ಸಪ್ಪೆ

ಕಾಯಿ ಬೇಗ ಕೀಳುವುದೇ ಮುಖ್ಯ ಕಾರಣ. ಬಾಳೆಕಾಯಲ್ಲಿ ಇರುವ ಹಾಗೆ ಪರಂಗಿಯಲ್ಲಿ ಹಿಟ್ಟಿನಂಶ ಶೇಖರ ಇರುವುದಿಲ್ಲ. ಕಿತ್ತ ಮೇಲೆ ಮೆತ್ತಗಾಗುತ್ತದೆ, ಬಣ್ಣ ಬರುತ್ತದೆ, ಸಿಹಿ ಏರುವುದಿಲ್ಲ. ತುದಿಯಿಂದ ಒಂದು ಹಳದಿ ಗೀಟು ಮೇಲಕ್ಕೆ ಹತ್ತಿದ ಮೇಲೆ ಕೀಳಿ. ಅದಕ್ಕಿಂತ ತಡ ಮಾಡಿದರೆ ಅಳಿಲು, ಕೋಗಿಲೆ, ಹಣ್ಣಿನ ನೊಣ ಪಾಲು ಕೇಳುತ್ತವೆ.

ಎರಡನೇ ಕಾರಣ ಎಲೆ. ಸಿಹಿ ತಯಾರಾಗುವುದು ಎಲೆಯಲ್ಲಿ. ಮಳೆಗಾಲದಲ್ಲಿ ಡೆಂಗಿ ಶುರುವಾದರೆ ನಮ್ಮ ಬೀದಿಯವರೆಲ್ಲ ಪರಂಗಿ ಎಲೆ ಕೇಳಿಕೊಂಡು ಬರುತ್ತಾರೆ. ಮನೆಯಲ್ಲಿ ಜ್ವರ ಇರುವಾಗ ಇಲ್ಲ ಅನ್ನಲು ಆಗುವುದಿಲ್ಲ. ಒಂದು ವರ್ಷ ಹಾಗೆ ಕೊಟ್ಟು ಕೊಟ್ಟು ಗಿಡದಲ್ಲಿ ಆರೇ ಎಲೆ ಉಳಿದಿತ್ತು, ಆ ಸಲದ ಹಣ್ಣೆಲ್ಲ ಸೌತೆಕಾಯಿಯ ಹಾಗೆ. ಈಗ ಕೆಳಗಿನ ಬಲಿತ ಎಲೆ ಒಂದೋ ಎರಡೋ ಕೊಡುತ್ತೇನೆ, ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ ಅಂತಲೂ ಹೇಳುತ್ತೇನೆ. ಕಾಯಿ ತುಂಬಿದ ಗಿಡದಲ್ಲಿ ಕಡಿಮೆ ಅಂದರೂ ಹದಿನೈದು ಎಲೆ ಹಸಿರಾಗಿ ಇರುವ ಹಾಗೆ ನೋಡಿಕೊಳ್ಳುತ್ತೇನೆ.

ಮೂರನೇದು ಗಿಡದ ವಯಸ್ಸು. ಮೂರು ವರ್ಷ ದಾಟಿದ ಗಿಡ ಎತ್ತರಕ್ಕೆ ಹೋಗಿ ಸಣ್ಣ ಕಾಯಿ ಬಿಡುತ್ತದೆ. ತುದಿ ಕಡಿದು ಕವಲು ಬರಿಸಬಹುದು, ಆದರೆ ಕಾಂಡ ಟೊಳ್ಳು, ಕಡಿದ ಬಾಯಿಯಿಂದ ಮಳೆ ನೀರು ಇಳಿದರೆ ಒಳಗಿಂದಲೇ ಕೊಳೆಯುತ್ತದೆ. ಓರೆಯಾಗಿ ಕಡಿದು ಬಾಯಿಗೆ ಪ್ಲಾಸ್ಟಿಕ್ ಕಟ್ಟಬೇಕು. ನಾನು ಆ ಗೋಜಿಗೆ ಹೋಗದೆ ಹಳೆ ಗಿಡ ಕಾಯಿ ಕೊಡುತ್ತಿರುವಾಗಲೇ ಹೊಸದು ನೆಡುತ್ತೇನೆ. ಒಳ್ಳೆ ಹಣ್ಣಿನ ಬೀಜ ತೆಗೆದು, ಮೇಲಿನ ಲೋಳೆ ಹೋಗುವ ಹಾಗೆ ಬೂದಿಯಲ್ಲಿ ಉಜ್ಜಿ ತೊಳೆದು, ನೆರಳಲ್ಲಿ ಒಣಗಿಸಿ ಹಾಕಬೇಕು. ಲೋಳೆ ಉಳಿದರೆ ಮೊಳಕೆ ಸರಿಯಾಗಿ ಬರುವುದಿಲ್ಲ. ಸದ್ಯ ಹಳೆ ಗಿಡದಿಂದ ಎಂಟು ಅಡಿ ಆಚೆ, ದಿಬ್ಬದ ಮೇಲೆ, ಮೂರು ಸಸಿ ಇವೆ. ಮೊಣಕಾಲೆತ್ತರ ಬಂದಿವೆ, ಹೂವಿಗೆ ಇನ್ನೂ ಎರಡು ತಿಂಗಳು ಕಾಯಬೇಕು.